ಸ್ಕ್ಯಾನಿಂಗ್ ಕೇಂದ್ರಕ್ಕೆ ಬ್ರಾಡ್‌ಬ್ಯಾಂಡ್: ನಾನು ಆರಿಸಿದ ಬಗೆ

ಸಿ.ಟಿ. ಸ್ಕ್ಯಾನಿನ ಒಂದೊಂದು ಚಿತ್ರವೂ ಸುಮಾರು ಅರ್ಧ ಎಂ.ಬಿ. ಇರುತ್ತದೆ. ತಲೆಯ ಜೊತೆಗೆ ಎದೆಯನ್ನೂ ಸ್ಕ್ಯಾನ್ ಮಾಡಿದರೆ ಆರುನೂರು ಚಿತ್ರಗಳಾಗುವುದು ಅಪರೂಪವಲ್ಲ. ಅಲ್ಲಿಗೆ 300 ಎಂ.ಬಿ. ಆಯಿತು. ಶಿವಮೊಗ್ಗ ಜಿಲ್ಲೆಯ ಸಾಗರದ ನಮ್ಮ ಕೇಂದ್ರದಲ್ಲಿ ರಾತ್ರಿ ಹೊತ್ತು ರೇಡಿಯಾಲಜಿಸ್ಟ್ ಇರುವುದಿಲ್ಲ. ಚಿತ್ರಗಳು ಬೆಂಗಳೂರಿಗೆ ಹೋಗಬೇಕು, ವರದಿ ಅಲ್ಲಿಂದ ಬರಬೇಕು. ಅಪ್‌ಲೋಡ್ ವೇಗ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್; ಒಂದು ಎಂ.ಬಿ.ಗೆ 8 ಮೆಗಾಬಿಟ್) ಇದ್ದರೆ ಇಷ್ಟನ್ನು ಕಳುಹಿಸಲು 20 ನಿಮಿಷ ಬೇಕು, 20 ಎಂಬಿಪಿಎಸ್ ಇದ್ದರೆ 2 ನಿಮಿಷ ಸಾಕು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರ ಮನೆಯವರು ಹೊರಗೆ ಕಾಯುತ್ತಿರುವಾಗ ಆ 18 ನಿಮಿಷ ಸಣ್ಣದಲ್ಲ. ಆದ್ದರಿಂದ ಹೊಸ ಸಂಪರ್ಕ ಆರಿಸಲು ಕುಳಿತಾಗ ತಿಂಗಳ ಬಾಡಿಗೆಯ ಮಾತನ್ನು ಕೊನೆಗೆ ಇಟ್ಟುಕೊಂಡೆ.

ಮೊದಲು ನೋಡಿದ್ದು ಪರವಾನಗಿ. ನಮ್ಮಂಥ ಊರಿನಲ್ಲಿ ಮನೆಬಾಗಿಲಿಗೆ ಬಂದು ತಂತಿ ಎಳೆಯುವವರು ಹೆಚ್ಚಾಗಿ ಸ್ಥಳೀಯ ಕೇಬಲ್ ಟಿ.ವಿ.ಯವರು. ಅವರ ಹಿಂದೆ ಪರವಾನಗಿ ಹೊಂದಿದ ಕಂಪನಿಯೊಂದು ಇರಬೇಕು. ಅಂಥ ಕಂಪನಿಗಳ ಪಟ್ಟಿಯನ್ನು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆ ತನ್ನ ಜಾಲತಾಣದಲ್ಲಿ ಇಟ್ಟಿದೆ. ಪಟ್ಟಿಯಲ್ಲಿ ಎ, ಬಿ, ಸಿ ಎಂಬ ವರ್ಗಗಳು ಕಾಣುತ್ತವೆ. 'ಎ' ಎಂದರೆ ಗುಣಮಟ್ಟದಲ್ಲಿ ಮೇಲು, 'ಸಿ' ಎಂದರೆ ಕಳಪೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಅದು ವ್ಯಾಪ್ತಿಯ ಲೆಕ್ಕ. 'ಎ' ವರ್ಗಕ್ಕೆ ಇಡೀ ದೇಶ, 'ಬಿ' ವರ್ಗಕ್ಕೆ ಕರ್ನಾಟಕದಂಥ ಒಂದು ಟೆಲಿಕಾಂ ವೃತ್ತ, 'ಸಿ' ವರ್ಗಕ್ಕೆ ಹೆಚ್ಚುಕಡಿಮೆ ಒಂದು ಜಿಲ್ಲೆಯಷ್ಟು ಪ್ರದೇಶ. ಊರಿನಲ್ಲೇ ಜನರಿರುವ ಸಣ್ಣ ಕಂಪನಿ ದೊಡ್ಡದಕ್ಕಿಂತ ಬೇಗ ಬಂದು ತಂತಿ ಜೋಡಿಸಬಹುದು. ವರ್ಗಕ್ಕಿಂತ ನನಗೆ ಮುಖ್ಯವಾಗಿದ್ದು ಒಂದೇ ಪ್ರಶ್ನೆ: ಬಿಲ್ಲು ಯಾರ ಹೆಸರಿನಲ್ಲಿ ಬರುತ್ತದೆ? ಪರವಾನಗಿ, ಒಪ್ಪಂದ, ಬಿಲ್ಲು, ಅದರ ಮೇಲಿನ ಜಿಎಸ್‌ಟಿ ಸಂಖ್ಯೆ ಎಲ್ಲದರಲ್ಲೂ ಒಂದೇ ಕಂಪನಿಯ ಹೆಸರಿರಬೇಕು ಎಂದು ಹಠ ಹಿಡಿದೆ. ಒಬ್ಬರು ಚೀಟಿ ಹರಿದು ಕೊಡುತ್ತೇವೆ, ತೆರಿಗೆ ಉಳಿಯುತ್ತದೆ ಎಂದರು. ಅವರನ್ನು ಅಲ್ಲಿಗೇ ಬಿಟ್ಟೆ. ನಾಳೆ ಸಂಪರ್ಕ ಸತ್ತರೆ ಆ ಚೀಟಿ ಹಿಡಿದು ಯಾರ ಬಳಿ ಹೋಗುವುದು? (ತೆರಿಗೆ 18 ಶೇಕಡಾ. ರೋಗಪತ್ತೆ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ನಮಗೆ, ಕೊಟ್ಟ ತೆರಿಗೆಯನ್ನು ಮುಂದೆ ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ, ಆ ಹಣ ಪೂರ್ತಿ ನಮ್ಮ ಖರ್ಚೇ. ಜಿಎಸ್‌ಟಿ ನೋಂದಣಿ ಇರುವ ಅಂಗಡಿ, ಕಾರ್ಖಾನೆಯವರಿಗೆ ಸಾಮಾನ್ಯವಾಗಿ ಅದು ಸಿಗುತ್ತದೆ. ಹಾಗಾಗಿ ಸರಿಯಾದ ಬಿಲ್ಲು ಅವರಿಗೆ ಇನ್ನೂ ಲಾಭ.)

ಪರವಾನಗಿ ಇದೆ ಎಂದ ಮಾತ್ರಕ್ಕೆ ಸೇವೆ ಚೆನ್ನಾಗಿರುತ್ತದೆ ಎಂದೇನೂ ಇಲ್ಲ. 2023ರ ಜನವರಿಯಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಂತೆ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು 2 ಎಂಬಿಪಿಎಸ್ ಡೌನ್‌ಲೋಡ್ ಇದ್ದರೆ ಸಾಕು. ಅದಕ್ಕೂ ಮೊದಲು 512 ಕೆಬಿಪಿಎಸ್, ಅಂದರೆ ಸುಮಾರು ಅರ್ಧ ಎಂಬಿಪಿಎಸ್, ಸಾಕಾಗುತ್ತಿತ್ತು. ಆ ವ್ಯಾಖ್ಯೆ ಕೇಳುವುದು ಇಷ್ಟೇ, ಉಳಿದದ್ದನ್ನು ನಾವೇ ಬರೆಸಿಕೊಳ್ಳಬೇಕು. ಮಾರಾಟಕ್ಕೆ ಬಂದವರೆಲ್ಲ ಡೌನ್‌ಲೋಡ್ ಬಗ್ಗೆಯೇ ಮಾತಾಡುತ್ತಿದ್ದರು. ಅಪ್‌ಲೋಡ್ ಎಷ್ಟು, ಸಂಜೆ ಏಳರಿಂದ ಹತ್ತರ ನಡುವೆ ಎಷ್ಟು ಎಂದು ಕೇಳಿದಾಗ ಕೆಲವರು ತಡವರಿಸಿದರು. ಅದಕ್ಕೆ ಕಾರಣವಿದೆ. ಜಿಪಾನ್ ಎಂಬ ಸಾಮಾನ್ಯ ಫೈಬರ್ ವ್ಯವಸ್ಥೆಯಲ್ಲಿ ಒಂದು ಎಳೆ ಬರುವ ಕಡೆಗೆ ಸುಮಾರು 2.5 ಜಿಬಿಪಿಎಸ್ (2,500 ಎಂಬಿಪಿಎಸ್) ಹೊತ್ತರೆ ಹೋಗುವ ಕಡೆಗೆ ಅದರ ಅರ್ಧವನ್ನಷ್ಟೇ ಹೊರುತ್ತದೆ. ಅದನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಹಂಚಿಕೆಯೇ ಇಲ್ಲದ ಲೀಸ್ಡ್ ಲೈನ್ ಬೇಕೆಂದರೆ ಬೆಲೆ ಹಲವು ಪಟ್ಟು ಏರುತ್ತದೆ. ನಾನು ಮುಖ್ಯ ಸಂಪರ್ಕಕ್ಕೆ ಸಣ್ಣದೊಂದು ಲೀಸ್ಡ್ ಲೈನ್ ತೆಗೆದುಕೊಂಡೆ, ಬದಲಿ ದಾರಿಯಾಗಿ ಸಾಮಾನ್ಯ ಫೈಬರ್ ಇಟ್ಟುಕೊಂಡೆ.

ಲೀಸ್ಡ್ ಲೈನ್ ಒಪ್ಪಂದದಲ್ಲಿ 99.5 ಶೇಕಡಾ ಹೊತ್ತು ಸಂಪರ್ಕ ಇರುವ ಖಾತರಿ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದರು. ಕೇಳಲು ಚೆನ್ನ. ಲೆಕ್ಕ ಹಾಕಿದರೆ 30 ದಿನದ ತಿಂಗಳಿಗೆ 3 ಗಂಟೆ 36 ನಿಮಿಷ ಸಂಪರ್ಕ ಇಲ್ಲದಿದ್ದರೂ ಅವರು ಮಾತು ತಪ್ಪಿದಂತಲ್ಲ. ಅದಕ್ಕಿಂತ ದೊಡ್ಡ ವಿಷಯ ಸಣ್ಣಕ್ಷರದಲ್ಲಿತ್ತು: ಕೇಬಲ್ ತುಂಡಾದ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ಮಲೆನಾಡಿನಲ್ಲಿ ಸಂಪರ್ಕ ಹೋಗುವುದೇ ಮರ ಬಿದ್ದು, ಇಲ್ಲವೇ ರಸ್ತೆ ಅಗೆದು ಕೇಬಲ್ ತುಂಡಾದಾಗ! ಆ ಸಾಲನ್ನು ಹೊಡೆದು ಹಾಕಿಸಿ, ದೂರು ಸಂಖ್ಯೆ ಕೊಟ್ಟ ಕ್ಷಣದಿಂದ ಗಡಿಯಾರ ಓಡಬೇಕು ಎಂದು ಸೇರಿಸಿದ ಮೇಲೆಯೇ ಸಹಿ ಹಾಕಿದೆ.

ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ತಂತಿಯ ದಾರಿಯ ಬಗ್ಗೆ. ಎರಡು ಕಂಪನಿಗಳಿಂದ ಎರಡು ಸಂಪರ್ಕ ತೆಗೆದುಕೊಂಡು, ಎರಡೂ ಒಂದೇ ಕಂಬದ ಮೇಲೆ ಬಂದರೆ ಏನು ಪ್ರಯೋಜನ? ಲೈನ್‌ಮ್ಯಾನ್ ಜೊತೆ ನಾನೇ ಕಂಬದಿಂದ ಕಂಬಕ್ಕೆ ನಡೆದು ನೋಡಿದೆ. ಒಂದು ತಿರುವಿನಲ್ಲಿ ಹಲಸಿನ ಕೊಂಬೆಗೆ ಉಜ್ಜುತ್ತಾ ಕಪ್ಪು ಕೇಬಲ್ಲುಗಳ ಗೊಂಚಲು ನೇತಾಡುತ್ತಿತ್ತು. ನಮಗೆ ಸಂಪರ್ಕ ಕೊಡಲು ಬಂದ ಎರಡು ಕಂಪನಿಗಳ ಎಳೆಗಳೂ ಅದರಲ್ಲೇ ಇದ್ದವು. ಅವರಲ್ಲಿ ಒಬ್ಬರನ್ನು ಬಿಟ್ಟು, ಹಿಂದಿನ ಬೀದಿಯಿಂದ ಬರುವವರನ್ನು ಆರಿಸಿದೆ. ಊರಿನಿಂದ ಆಚೆಗೂ ಇದೇ ಪ್ರಶ್ನೆ: ಇಬ್ಬರ ಮುಖ್ಯ ಕೇಬಲ್ಲೂ ಶಿವಮೊಗ್ಗದ ಹೆದ್ದಾರಿಯ ಬದಿಯಲ್ಲೇ ಹೋಗುತ್ತದೆಯೇ, ಒಬ್ಬರದಾದರೂ ಘಟ್ಟ ಇಳಿದು ಹೊನ್ನಾವರದ ಕಡೆ ಸುತ್ತುತ್ತದೆಯೇ? ನಕ್ಷೆ ತೋರಿಸಿ ಉತ್ತರಿಸಿದವರನ್ನು ನಂಬಿದೆ. ಮೊಬೈಲ್ ಸಿಮ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು: ಟವರಿಗೆ ಬರುವ ಫೈಬರ್ ಕೂಡ ಅದೇ ಹೆದ್ದಾರಿಯದಾಗಿರಬಹುದು.

ಕರೆಂಟಿನ ವಿಷಯ ಯಾರೂ ತಾವಾಗಿ ಹೇಳುವುದಿಲ್ಲ. ನಮ್ಮಲ್ಲಿ ಜನರೇಟರ್ ಇದ್ದರೂ ಬೀದಿಯ ತುದಿಯಲ್ಲಿರುವ ಕಂಪನಿಯ ಪೆಟ್ಟಿಗೆಯ ಬ್ಯಾಟರಿ ಎರಡು ಗಂಟೆಗೆ ಮುಗಿದರೆ ಸಂಪರ್ಕವೂ ಮುಗಿದಂತೆ. ಎಷ್ಟು ಗಂಟೆ ತಾಳುತ್ತದೆ ಎಂಬುದನ್ನೂ ಬರೆಸಿಕೊಂಡೆ. ಫೈಬರ್ ಜೋಡಿಸಿದ ದಿನ, ಎಳೆಯಲ್ಲಿ ಬರುವ ಬೆಳಕಿನ ಬಲವನ್ನು ಅಳೆಯುವ ಪವರ್ ಮೀಟರ್ ಇಟ್ಟು ತೋರಿಸಲು ಹೇಳಿದೆ. ಮೈನಸ್ 26 ಡಿಬಿಎಂ (ಆ ಬಲದ ಅಳತೆ) ತೋರಿಸಿತು. ಸಂಪರ್ಕವೇನೋ ಇತ್ತು, ಆದರೆ ಮೈನಸ್ 27 ದಾಟಿದರೆ ಹೋಗುವಷ್ಟು ಅಂಚಿನಲ್ಲಿತ್ತು. ಕಂಪನಿಯ ಹುಡುಗ ಕಂಬ ಹತ್ತಿ ಜೋಡಣೆ ಬಿಚ್ಚಿ ಹೊಸದಾಗಿ ಬೆಸೆದ ಮೇಲೆ ಮೈನಸ್ 19ಕ್ಕೆ ಬಂತು. ಆ ಅಂಕಿಯನ್ನು ರೂಟರಿನ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಅದರಿಂದ ಕೆಳಗೆ ಜಾರತೊಡಗಿದರೆ ಸಂಪರ್ಕ ಹೋಗುವ ಮೊದಲೇ ಅವರನ್ನು ಕರೆಸುತ್ತೇವೆ.

ದೂರಿನ ದಾರಿಯನ್ನೂ ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಪತ್ರ ಬರೆಯುತ್ತೇನೆ ಎಂದು ಹೆದರಿಸುವವರಿದ್ದಾರೆ, ಆದರೆ ಟ್ರಾಯ್ ಒಬ್ಬೊಬ್ಬ ಗ್ರಾಹಕನ ದೂರನ್ನು ಬಗೆಹರಿಸುವುದಿಲ್ಲ. ಮೊದಲು ಕಂಪನಿಯಲ್ಲಿ ದೂರು ಸಂಖ್ಯೆ ಪಡೆಯಬೇಕು, ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಲೀಸ್ಡ್ ಲೈನಿನಲ್ಲಿ ನಮ್ಮ ಕೈಗೆ ಸಿಗುವ ಆಯುಧ ಒಪ್ಪಂದವೇ. ಕರೆ ಮಾಡಿದ ಹೊತ್ತು, ದೂರು ಸಂಖ್ಯೆ, ಸರಿಯಾದ ಹೊತ್ತು ಇಷ್ಟನ್ನು ನಮ್ಮ ತಂತ್ರಜ್ಞರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ತಿಂಗಳ ಬಿಲ್ಲಿನಲ್ಲಿ ಕಡಿತ ಕೇಳುವಾಗ ಆ ಪುಟದ ಫೋಟೋವನ್ನೇ ಕಳುಹಿಸುತ್ತೇವೆ.