ಮೌಸ್ ಮುಟ್ಟದೆ ಪ್ರಿಂಟ್: ಶಿರಸಿಯ ಒಂದು ಝೆರಾಕ್ಸ್ ಅಂಗಡಿಯಿಂದ

ಸೆಪ್ಟೆಂಬರ್ ಬಂತೆಂದರೆ ಶಿರಸಿ ಸುತ್ತಲಿನ ಸೊಸೈಟಿಗಳ ವಾರ್ಷಿಕ ಸಭೆಯ ನೋಟಿಸ್ ಕೆಲಸ ಶುರು. ಒಬ್ಬೊಬ್ಬ ಸದಸ್ಯರಿಗೆ ಒಂದೊಂದು ಫೈಲ್. ಹೆಸರು ಬೇರೆ, ಊರು ಬೇರೆ, ಶೇರಿನ ಮೊತ್ತ ಬೇರೆ. ಒಂದೊಂದನ್ನೂ ತೆರೆದು, ಕಂಟ್ರೋಲ್ ಪಿ ಒತ್ತಿ, ಓಕೆ ಕೊಡುತ್ತ ಕೂತರೆ ಮಧ್ಯಾಹ್ನದ ಊಟ ಸಂಜೆಗೆ ಹೋಗುತ್ತದೆ. ನನ್ನ ಝೆರಾಕ್ಸ್ ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಲಿನಕ್ಸ್ ಇದೆ. ಈ ಕೆಲಸವನ್ನೆಲ್ಲ ಈಗ ಟರ್ಮಿನಲ್‌ನಿಂದಲೇ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಿಂದಲೇ, ಮಾಡುತ್ತೇನೆ. ಬಿಡಿ ಪ್ರಿಂಟ್ ಒಂದೋ ಎರಡೋ ಇದ್ದರೆ ಮೌಸೇ ಸಾಕು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ರಾಶಿ ಬಿದ್ದಾಗ ಮಾತ್ರ ಟರ್ಮಿನಲ್‌ನ ಬೆಲೆ ಗೊತ್ತಾಗುವುದು.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಹಾಕಿ. ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ.

ಲಿನಕ್ಸ್‌ನಲ್ಲಿ ಪ್ರಿಂಟಿಂಗ್ ನೋಡಿಕೊಳ್ಳುವುದು ಕಪ್ಸ್ ಎನ್ನುವ ವ್ಯವಸ್ಥೆ. ಮೈಕಲ್ ಸ್ವೀಟ್ ಎನ್ನುವವರು 1997ರಲ್ಲಿ ಬರೆಯಲು ಶುರು ಮಾಡಿದ್ದು, 1999ರಲ್ಲಿ ಹೊರಬಂತು. 2002ರಲ್ಲಿ ಆಪಲ್‌ನವರು ಅದನ್ನು ಮ್ಯಾಕ್‌ಗೂ ತಂದರು. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಹೆಚ್ಚಿನದ್ದು ಮ್ಯಾಕ್‌ನಲ್ಲೂ ನಡೆಯುತ್ತದೆ.

ಮೊದಲು ಯಾವ ಪ್ರಿಂಟರ್ ಇದೆ, ಯಾವ ಸ್ಥಿತಿಯಲ್ಲಿದೆ ಅಂತ ನೋಡಬೇಕು:

ಎಲ್‌ಪಿಸ್ಟ್ಯಾಟ್ -ಪಿ -ಡಿ

ಪ್ರಿಂಟರಿನ ಹೆಸರು, ಅದು ಖಾಲಿ ಕೂತಿದೆಯೋ ಕೆಲಸ ಮಾಡುತ್ತಿದೆಯೋ, ಡೀಫಾಲ್ಟ್ ಯಾವುದು, ಎಲ್ಲ ಬರುತ್ತದೆ. ನನ್ನ ಪ್ರಿಂಟರಿಗೆ 'ಅಂಗಡಿ' ಅಂತಲೇ ಹೆಸರಿಟ್ಟಿದ್ದೇನೆ. ಕಂಪನಿ ಕೊಟ್ಟ ಉದ್ದ ಹೆಸರನ್ನು ಪ್ರತಿ ಸಲ ಟೈಪ್ ಮಾಡುವವರು ಯಾರು? ಇನ್ನು ಕಳಿಸುವುದು:

ಎಲ್‌ಪಿ -ಡಿ ಅಂಗಡಿ -ಎನ್ 2 ನೋಟಿಸ್.ಪಿಡಿಎಫ್

'ಡಿ' ಅಂದರೆ ಯಾವ ಪ್ರಿಂಟರ್, 'ಎನ್' ಅಂದರೆ ಎಷ್ಟು ಪ್ರತಿ. ಕೆಲವು ಪುಟ ಮಾತ್ರ ಬೇಕಾದರೆ ದೊಡ್ಡಕ್ಷರದ 'ಪಿ'. ತಾಳಮದ್ದಲೆಗೆ ಪ್ರಸಂಗದ ಪದ್ಯ ತೆಗೆಸಲು ಬರುವ ಭಾಗವತರು ಪೂರ್ತಿ ಪುಸ್ತಕ ಕೇಳುವುದಿಲ್ಲ. "ತಮಾ, ಹನ್ನೆರಡರಿಂದ ಹದಿನೆಂಟು ಸಾಕು" ಅನ್ನುತ್ತಾರೆ. ದೊಡ್ಡ 'ಪಿ' ಹಾಕಿ 12-18 ಅಂತ ಕೊಟ್ಟರೆ ಆಯಿತು. ಒಂದು ಎಚ್ಚರ ಮಾತ್ರ ಇರಲಿ. ಎಲ್‌ಪಿಆರ್ ಅಂತ ಇನ್ನೊಂದು ಕಮಾಂಡ್ ಇದೆ. ಎಲ್‌ಪಿ ಬಂದದ್ದು ಎಟಿ ಅಂಡ್ ಟಿಯ ಯುನಿಕ್ಸ್ ಕಡೆಯಿಂದ, ಎಲ್‌ಪಿಆರ್ ಬಂದದ್ದು ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಕಡೆಯಿಂದ. ಕಪ್ಸ್ ಎರಡನ್ನೂ ಇಟ್ಟುಕೊಂಡಿದೆ. ಎಲ್‌ಪಿಆರ್‌ನಲ್ಲಿ ಅದೇ ದೊಡ್ಡ 'ಪಿ' ಪುಟ ಅಲ್ಲ, ಪ್ರಿಂಟರಿನ ಹೆಸರು! ಹಾಗಾಗಿ ಎರಡರಲ್ಲಿ ಒಂದನ್ನೇ ರೂಢಿ ಮಾಡಿಕೊಳ್ಳಿ. ನಾನು ಎಲ್‌ಪಿ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಕಾಗದದ ಅಳತೆ ಮೊದಲೇ ಕಟ್ಟಿಟ್ಟುಬಿಡಿ. ಕೆಲವು ವ್ಯವಸ್ಥೆಗಳಲ್ಲಿ ಅಮೆರಿಕದ ಲೆಟರ್ ಅಳತೆ ಕೂತಿರುತ್ತದೆ. ಅದು ಎ4 ಗಿಂತ ಸ್ವಲ್ಪ ಅಗಲ, ಉದ್ದ ಮಾತ್ರ ಕಡಿಮೆ. ಹೀಗಾದರೆ ಪುಟದ ತುದಿ ಹಾರಿಹೋಗುವ ಸಾಧ್ಯತೆ ಇದೆ. ನೋಟಿಸಿನ ತುದಿಯಲ್ಲಿ ಇರುವುದು ಕಾರ್ಯದರ್ಶಿಗಳ ಸಹಿ ಅಲ್ವಾ?

ಎಲ್‌ಪಿಆಪ್ಷನ್ಸ್ -ಪಿ ಅಂಗಡಿ -ಒ ಮೀಡಿಯಾ=ಎ4

ಇದೇ ಕಮಾಂಡಿನಲ್ಲಿ ಪ್ರಿಂಟರಿನ ಹೆಸರಿನ ಮುಂದೆ '-ಎಲ್' ಮಾತ್ರ ಹಾಕಿದರೆ ಆ ಪ್ರಿಂಟರಿಗೆ ಏನೇನು ಬರುತ್ತದೆ ಅಂತ ಪಟ್ಟಿ ಕೊಡುತ್ತದೆ. ನನ್ನದಕ್ಕೆ ತಾನಾಗಿ ಎರಡು ಬದಿ ಹೊಡೆಯಲು ಬರುವುದಿಲ್ಲ. 'ಪೇಜ್-ಸೆಟ್=ಆಡ್' ಕೊಟ್ಟು ಬೆಸ ಪುಟ ತೆಗೆದು, ಕಟ್ಟು ತಿರುಗಿಸಿ ಟ್ರೇಗೆ ಹಾಕಿ, 'ಪೇಜ್-ಸೆಟ್=ಈವನ್' ಕೊಟ್ಟು ಸಮ ಪುಟ ತೆಗೆಯುತ್ತೇನೆ. ಕೆಲವು ಪ್ರಿಂಟರಿಗೆ ಎರಡನೇ ಸುತ್ತಿನಲ್ಲಿ 'ಔಟ್‌ಪುಟ್‌ಆರ್ಡರ್=ರಿವರ್ಸ್' ಕೂಡ ಬೇಕು. ನಾಲ್ಕು ಪುಟದ ಫೈಲಿನಲ್ಲಿ ನೋಡಿಕೊಂಡೇ ದೊಡ್ಡದಕ್ಕೆ ಕೈ ಹಾಕಿ.

ಇನ್ನು ಕನ್ನಡದ ಗೋಳು. ಟೆಕ್ಸ್ಟ್ ಫೈಲನ್ನು ನೇರವಾಗಿ ಎಲ್‌ಪಿಗೆ ಕೊಡಬೇಡಿ. ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಕನ್ನಡದ ಒತ್ತಕ್ಷರ, ಗುಣಿತ ಕೂಡಿಸುವುದು ಆ ದಾರಿಯಲ್ಲಿ ಆಗುವುದಿಲ್ಲ. ಯಲ್ಲಾಪುರ ಹೋಗಿ 'ಯಲ್‌ಲಾಪುರ' ಆಗುತ್ತದೆ, ಇಲ್ಲವೇ ಬರೀ ಚೌಕಗಳ ಸಾಲು. ನಾನು ಎಲ್ಲವನ್ನೂ ಮೊದಲು ಪಿಡಿಎಫ್ ಮಾಡಿಕೊಳ್ಳುತ್ತೇನೆ. ಅದಕ್ಕೂ ಲಿಬ್ರೆ ಆಫೀಸ್ ತೆರೆಯಬೇಕಾಗಿಲ್ಲ:

ಎಸ್‌ಆಫೀಸ್ --ಹೆಡ್‌ಲೆಸ್ --ಕನ್ವರ್ಟ್-ಟು ಪಿಡಿಎಫ್ *.ಒಡಿಟಿ

ಫೋಲ್ಡರಿನಲ್ಲಿದ್ದ ಅಷ್ಟೂ ಒಡಿಟಿ ಫೈಲ್ (ಲಿಬ್ರೆ ಆಫೀಸಿನ ಫೈಲ್) ಪಿಡಿಎಫ್ ಆಗುತ್ತವೆ. ಪಕ್ಕದಲ್ಲಿ ಲಿಬ್ರೆ ಆಫೀಸ್ ಕಿಟಕಿ ತೆರೆದಿದ್ದರೆ ಕೆಲವೊಮ್ಮೆ ಏನೂ ಮಾಡದೆ ಸುಮ್ಮನಾಗುತ್ತದೆ, ಎರರ್ ಕೂಡ ಹೇಳುವುದಿಲ್ಲ. ಮುಚ್ಚಿ ಮತ್ತೆ ಕೊಡಿ.

ಗಿರಾಕಿಗಳು ಪೆನ್ ಡ್ರೈವಿನಲ್ಲಿ ತರುವ ಹಳೇ ನುಡಿ ಫೈಲ್‌ಗಳದ್ದು ಬೇರೆಯೇ ಕಥೆ. ಯೂನಿಕೋಡ್‌ಗಿಂತ ಮುಂಚಿನ ಆ ಫಾಂಟ್‌ಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತ, ಕನ್ನಡ ಕಾಣಿಸುವುದು ಫಾಂಟಿನಿಂದ ಮಾತ್ರ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆ ಮೇಲೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಅದಕ್ಕೇ ನಾನು ಗಿರಾಕಿಗಳಿಗೆ ಪಿಡಿಎಫ್ ಮಾಡಿಯೇ ತನ್ನಿ ಅನ್ನುವುದು. ಪಿಡಿಎಫ್ ಬಂದರೂ 'ಪಿಡಿಎಫ್‌ಫಾಂಟ್ಸ್' ಅಂತ ಟೈಪ್ ಮಾಡಿ ಫೈಲಿನ ಹೆಸರು ಕೊಟ್ಟು ನೋಡುತ್ತೇನೆ. 'ಇಎಂಬಿ' ಎನ್ನುವ ಕಾಲಮ್ಮಿನಲ್ಲಿ 'ಯೆಸ್' ಇದ್ದರೆ ಫಾಂಟ್ ಫೈಲಿನ ಒಳಗೇ ಇದೆ, ಧೈರ್ಯವಾಗಿ ಹೊಡೆಯಬಹುದು. 'ನೋ' ಇದ್ದರೆ ಒಂದು ಪುಟ ತೆಗೆದು ಗಿರಾಕಿಗೆ ತೋರಿಸಿಯೇ ಮುಂದಿನ ಮಾತು.

ಈಗ ರಾಶಿ ನೋಟಿಸಿನ ವಿಷಯ. 'ಎಲ್‌ಪಿ *.ಪಿಡಿಎಫ್' ಅಂತ ಒಂದೇ ಸಾಲು ಕೊಟ್ಟರೂ ಎಲ್ಲ ಹೋಗುತ್ತವೆ. ಆದರೆ ಅಷ್ಟೂ ಸೇರಿ ಒಂದೇ ಜಾಬ್, ಅಂದರೆ ಒಂದೇ ಪ್ರಿಂಟ್ ಕೆಲಸ, ಆಗುತ್ತದೆ. ನಡುವೆ ಕಾಗದ ಸಿಕ್ಕಿಕೊಂಡರೆ ಬಿಡಿಸಿ ನೋಡುವುದು ಕಷ್ಟ. ಹಾಗಾಗಿ ಹೀಗೆ ಕೊಡುತ್ತೇನೆ:

ಫಾರ್ ಎಫ್ ಇನ್ *.ಪಿಡಿಎಫ್; ಡು ಎಲ್‌ಪಿ -ಡಿ ಅಂಗಡಿ "$ಎಫ್"; ಡನ್

ಹೀಗೆ ಮಾಡಿದರೆ ಪ್ರತಿ ಸದಸ್ಯರದ್ದೂ ಬೇರೆ ಜಾಬ್, ಬೇರೆ ನಂಬರ್. ಹಾಳಾದದ್ದು ಯಾವುದೋ ಅದನ್ನು ಮಾತ್ರ ಮತ್ತೆ ತೆಗೆಯಬಹುದು. ಫೈಲಿನ ಹೆಸರಿಗೆ ಮಾತ್ರ 001, 002 ಅಂತ ಸೊನ್ನೆ ಸೇರಿಸಿಯೇ ಇಡಬೇಕು. ಇಲ್ಲದಿದ್ದರೆ 1 ಆದ ಮೇಲೆ 10, 100, 11 ಬಂದು, 2 ಎಲ್ಲೋ ಆಮೇಲೆ ಬರುತ್ತದೆ. ಸೊಸೈಟಿಯವರು ಸದಸ್ಯರ ಪಟ್ಟಿಯ ಕ್ರಮದಲ್ಲೇ ಲಕೋಟೆಗೆ ವಿಳಾಸ ಬರೆದು ಇಟ್ಟುಕೊಂಡಿರುತ್ತಾರೆ. ಕ್ರಮ ತಪ್ಪಿದರೆ ಯಾರ ನೋಟಿಸೋ ಯಾರ ಲಕೋಟೆಗೋ.

ಮಳೆಗಾಲದಲ್ಲಿ ನಮ್ಮ ಕಡೆ ಕಾಗದ ಸಿಕ್ಕಿಕೊಳ್ಳುವುದು ಜಾಸ್ತಿ. ರೀಮ್ ಒಡೆದು ಹೊರಗಿಟ್ಟರೆ ಕಾಗದ ತೇವ ಎಳೆದುಕೊಳ್ಳುತ್ತದೆ. ಲೇಸರ್ ಪ್ರಿಂಟರಿನ ಬಿಸಿ ರೋಲರಿನಲ್ಲಿ ಹಾದಾಗ ಆ ತೇವ ಆವಿಯಾಗಿ ಹಾಳೆ ಸುರುಳಿ ಸುತ್ತುತ್ತದೆ. ಬೇಕಾದಷ್ಟೇ ತೆಗೆದು, ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಜೊತೆಗೆ ಕರೆಂಟಿನ ಕಾಟ. ಕಂಪ್ಯೂಟರ್ ಯುಪಿಎಸ್ ಮೇಲೆ ಇದೆ, ಪ್ರಿಂಟರ್ ಇಲ್ಲ. ರೋಲರ್ ಕಾಯಿಸುವಾಗ ಲೇಸರ್ ಪ್ರಿಂಟರ್ ಎಳೆಯುವ ಕರೆಂಟನ್ನು ಸಣ್ಣ ಯುಪಿಎಸ್ ತಡೆಯುವುದಿಲ್ಲ. ಹಾಗಾಗಿ ಕರೆಂಟ್ ಹೋದರೆ ಪ್ರಿಂಟರ್ ಆರುತ್ತದೆ, ಕ್ಯೂ, ಅಂದರೆ ಸರದಿಯಲ್ಲಿ ಕಾಯುತ್ತಿರುವ ಜಾಬ್‌ಗಳ ಸಾಲು, ಮಾತ್ರ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ.

ಕರೆಂಟ್ ಬಂದ ಮೇಲೂ ಕೆಲವೊಮ್ಮೆ ಒಂದು ಹಾಳೆಯೂ ಹೊರಡುವುದಿಲ್ಲ. ಪ್ರಿಂಟರ್ ದೀಪ ಉರಿಯುತ್ತಿದೆ, ಕೇಬಲ್ ಸರಿ ಇದೆ, ಗಿರಾಕಿ "ಆತನ ತಮಾ?" ಅಂತ ಬಾಗಿಲಲ್ಲಿ ನಿಂತಿದ್ದಾರೆ. ಆಗ ಮತ್ತೆ ಎಲ್‌ಪಿಸ್ಟ್ಯಾಟ್ ಕೊಟ್ಟು ನೋಡಿ. 'ಡಿಸೇಬಲ್ಡ್' ಅಂತ ತೋರಿಸಿದರೆ, ಪ್ರಿಂಟರ್ ಸಿಗದೆ ಹೋದಾಗ ಕಪ್ಸ್ ತಾನಾಗಿಯೇ ಕ್ಯೂ ನಿಲ್ಲಿಸಿಕೊಂಡಿದೆ ಅಂತ ಲೆಕ್ಕ. ಕಂಪ್ಯೂಟರ್ ಆರಿಸಿ ಹಚ್ಚುವುದು ಬೇಡ, ಮತ್ತೆ ಮತ್ತೆ ಪ್ರಿಂಟ್ ಕೊಡುವುದಂತೂ ಬೇಡವೇ ಬೇಡ. ಕೊಟ್ಟದ್ದೆಲ್ಲ ಕ್ಯೂನಲ್ಲಿ ಕೂತು ಆಮೇಲೆ ಒಟ್ಟಿಗೇ ಹೊರಬರುತ್ತದೆ.

ಕಪ್ಸ್‌ಎನೇಬಲ್ ಅಂಗಡಿ

ಇಷ್ಟೇ. ನಿಂತ ಕಡೆಯಿಂದ ಮತ್ತೆ ಹೊರಡುತ್ತದೆ. ಪ್ರತಿ ಸಲ ಇದೇ ಕಥೆಯಾದರೆ 'ಎಲ್‌ಪಿಅಡ್ಮಿನ್ -ಪಿ ಅಂಗಡಿ -ಒ ಪ್ರಿಂಟರ್-ಎರರ್-ಪಾಲಿಸಿ=ರಿಟ್ರೈ-ಜಾಬ್' ಅಂತ ಒಮ್ಮೆ ಕೊಟ್ಟುಬಿಡಿ. ಆಮೇಲೆ ಕ್ಯೂ ನಿಲ್ಲಿಸದೆ ಸ್ವಲ್ಪ ಹೊತ್ತು ಬಿಟ್ಟು ತಾನೇ ಪ್ರಯತ್ನಿಸುತ್ತದೆ. ಕ್ಯೂನಲ್ಲಿ ಏನೇನಿದೆ ಅಂತ ನೋಡಲು 'ಎಲ್‌ಪಿಸ್ಟ್ಯಾಟ್ -ಒ', ಬೇಡದ್ದನ್ನು ತೆಗೆಯಲು 'ಕ್ಯಾನ್ಸಲ್' ಜೊತೆಗೆ ಜಾಬ್ ನಂಬರ್. ಮುಗಿದ ಜಾಬನ್ನು ಮತ್ತೆ ತೆಗೆಯಬೇಕಾದರೆ 'ಎಲ್‌ಪಿ -ಐ' ಹಾಕಿ, ನಂಬರ್ ಕೊಟ್ಟು, ದೊಡ್ಡಕ್ಷರದ '-ಎಚ್ ರಿಸ್ಟಾರ್ಟ್' ಅನ್ನಿ.

ಈ ರಿಸ್ಟಾರ್ಟ್ ನಡೆಯುವುದು ಹೇಗೆಂದರೆ, ಮುಗಿದ ಜಾಬಿನ ಫೈಲನ್ನೂ ಕಪ್ಸ್ ಸಾಮಾನ್ಯವಾಗಿ ಒಂದು ದಿನ ಇಟ್ಟುಕೊಂಡಿರುತ್ತದೆ. ನೋಟಿಸಿನ ದಿನ ಅದು ಬಹಳ ಉಪಕಾರ. ಆದರೆ ಅಂಗಡಿಗೆ ಬರುವುದು ಬರೀ ನೋಟಿಸ್ ಅಲ್ಲ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಪುಟ, ಎಲ್ಲವೂ ಅದೇ ಕ್ಯೂನಲ್ಲಿ ಹಾದುಹೋಗುತ್ತವೆ. ಪೆನ್ ಡ್ರೈವ್ ವಾಪಸ್ ಕೊಟ್ಟ ಮೇಲೂ ಪ್ರತಿ ಇಲ್ಲೇ ಉಳಿದಿರುತ್ತದೆ ಅನ್ನುವುದು ಗಿರಾಕಿಗಳಿಗೆ ಗೊತ್ತಿರುವುದಿಲ್ಲ. ಕಪ್ಸ್‌ನ ಸೆಟ್ಟಿಂಗ್ ಫೈಲಿನಲ್ಲಿ 'ಪ್ರಿಸರ್ವ್‌ಜಾಬ್‌ಫೈಲ್ಸ್ ನೋ' ಅಂತ ಹಾಕಿದರೆ ಇಟ್ಟುಕೊಳ್ಳುವುದೇ ಇಲ್ಲ, ಆದರೆ ಆಗ ರಿಸ್ಟಾರ್ಟ್ ಕೂಡ ಇಲ್ಲ. ನನಗೆ ಎರಡೂ ಬೇಕು. ಅದಕ್ಕೆ ರಾತ್ರಿ ಶಟರ್ ಎಳೆಯುವ ಮುಂಚೆ 'ಸುಡೋ ಕ್ಯಾನ್ಸಲ್ -ಎ -ಎಕ್ಸ್' ಕೊಟ್ಟು ಉಳಿದ ಪ್ರತಿಗಳನ್ನೆಲ್ಲ ಅಳಿಸುತ್ತೇನೆ ('ಸುಡೋ' ಅಂದರೆ ಅಡ್ಮಿನ್ ಅಧಿಕಾರದಲ್ಲಿ ಕೊಡುವುದು). ಕ್ಯೂನಲ್ಲಿ ಕಾಯುತ್ತಿರುವುದೂ ಅದರ ಜೊತೆಗೇ ಹೋಗುತ್ತದೆ, ಆದ್ದರಿಂದ ನಾಳೆಗೆ ಅಂತ ಇಟ್ಟ ಜಾಬ್ ಏನಾದರೂ ಇದೆಯಾ ನೋಡಿಕೊಂಡೇ ಕೊಡಿ.