ಬೆರ್ರಿ ತಿಂದು ಶುಗರ್ ನೋಡುವುದು ಹೇಗೆ? ಮೊದಲು ಕೈ ತೊಳೆಯಿರಿ

ಸ್ಟ್ರಾಬೆರ್ರಿ ತಿಂದರೆ ಶುಗರ್ ಏರುತ್ತದಾ, ಇಲ್ಲವಾ? ಇದನ್ನು ತಿಳಿಯಲು ಹೋಗಿ ನಮ್ಮ ಅತ್ತಿಗೆ ಒಮ್ಮೆ ಗಾಬರಿ ಬಿದ್ದಿದ್ದರು. ಒಂದು ಬಟ್ಟಲು ಹಣ್ಣು ಹೆಚ್ಚಿ ತಿಂದರು. ಬೆರಳಿಗೆ ಸ್ಪಿರಿಟ್ ಹತ್ತಿ ಒರೆಸಿಕೊಂಡು ಚುಚ್ಚಿದರು. ಮಿಷನ್ 262 ತೋರಿಸಿತು. 'ಇನ್ನು ಈ ಹಣ್ಣಿನ ಸಹವಾಸವೇ ಬೇಡ' ಅಂದರು. ಸೋಪು ಹಾಕಿ ಕೈ ತೊಳೆಸಿ ಮತ್ತೆ ನೋಡಿಸಿದೆ. 141! ಏರಿದ್ದು ರಕ್ತದ ಸಕ್ಕರೆಯಲ್ಲ, ಬೆರಳಿಗೆ ಅಂಟಿದ್ದ ರಸ.

1. ಹಣ್ಣು ಆರಿಸಿ. ಇಡೀ ಹಣ್ಣೇ ಇರಲಿ, ತಾಜಾ ಆದರೂ ಸರಿ, ಫ್ರೀಜ್ ಮಾಡಿದ್ದಾದರೂ ಸರಿ. 100 ಗ್ರಾಂ ಸ್ಟ್ರಾಬೆರ್ರಿಯಲ್ಲಿ ಸಕ್ಕರೆ ಸುಮಾರು 5 ಗ್ರಾಂ, ಬ್ಲೂಬೆರ್ರಿಯಲ್ಲಿ 10 ಗ್ರಾಂ. ರಾಸ್ಪ್‌ಬೆರ್ರಿ ನನ್ನ ಮೆಚ್ಚಿನದು, ಏಕೆಂದರೆ ಅದರಲ್ಲಿ ಸಕ್ಕರೆಗಿಂತ ನಾರೇ ಜಾಸ್ತಿ, ಸುಮಾರು ಆರೂವರೆ ಗ್ರಾಂ. ನಾರಿದ್ದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ.

ಒಣ ಕ್ರ್ಯಾನ್‌ಬೆರ್ರಿಯನ್ನು ಇದೇ ಲೆಕ್ಕಕ್ಕೆ ಸೇರಿಸಬೇಡಿ. ಹುಳಿ ತಡೆಯಲಾರದೆ ಅದಕ್ಕೆ ಸಕ್ಕರೆ ಸುರಿದಿರುತ್ತಾರೆ, ತೂಕದ ಅರ್ಧಕ್ಕಿಂತ ಹೆಚ್ಚು ಅದೇ. ಜ್ಯೂಸ್ ಅಂತೂ ಬೇಡವೇ ಬೇಡ. 'ಬೆರ್ರಿ ಫ್ಲೇವರ್' ಅಂತ ಬರೆದ ಡಬ್ಬಿಯಲ್ಲಿ ಎಷ್ಟೋ ಸಲ ಬೆರ್ರಿಯ ಚಿತ್ರ ಮಾತ್ರ ಇರುತ್ತದೆ.

2. ಎರಡು ದಿನ ಇಟ್ಟುಕೊಳ್ಳಿ. ಒಂದು ದಿನ ನೀವು ಯಾವಾಗಲೂ ತಿನ್ನುವ ಸಿಹಿ, ಇನ್ನೊಂದು ದಿನ ಅದರ ಬದಲು 150 ಗ್ರಾಂ ಬೆರ್ರಿ. ಉಳಿದ ಊಟ ಎರಡೂ ದಿನ ಒಂದೇ ಇರಲಿ. 'ಬದಲು' ಅಂದೆ, ಗಮನಿಸಿ. ಕೇಕ್ ಮೇಲೆ ನಾಲ್ಕು ಬ್ಲೂಬೆರ್ರಿ ಇಟ್ಟು ತಿಂದರೆ ಅದು ಕೇಕೇ.

3. ಬೆರಳು ಚುಚ್ಚಿ. ಎಲ್ಲರೂ ಎಡವುವುದು ಇಲ್ಲೇ. ಮಿಷನ್‌ಗೆ ಬೇಕಾದ ರಕ್ತ ಸಾಸಿವೆ ಕಾಳಿಗಿಂತ ಚಿಕ್ಕ ಹನಿ. ಅಷ್ಟು ಸಣ್ಣ ಹನಿಗೆ ಕಣ್ಣಿಗೆ ಕಾಣದ ರಸ ಸೇರಿದರೂ ಅಂಕಿ ಎಲ್ಲಿಗೋ ಹೋಗುತ್ತದೆ. ಸ್ಪಿರಿಟ್ ಹತ್ತಿ ಅದನ್ನು ಪೂರ್ತಿ ತೆಗೆಯಲ್ಲ. ಸೋಪು, ಹರಿಯುವ ನೀರು, ಆಮೇಲೆ ಒಣ ಬಟ್ಟೆ. ಕೈ ಒದ್ದೆ ಇದ್ದರೆ ರಕ್ತ ತೆಳುವಾಗಿ ಅಂಕಿ ಕಡಿಮೆ ಬರಬಹುದು.

ಬೆರಳ ತುದಿಯ ನಡುವೆ ಚುಚ್ಚಬೇಡಿ, ಪಕ್ಕದಲ್ಲಿ ಚುಚ್ಚಿ, ನೋವು ಕಡಿಮೆ. ಹನಿ ಬರಲಿಲ್ಲ ಅಂತ ಬೆರಳನ್ನು ಹಿಂಡಬಾರದು. ಕೈಯನ್ನು ಕೆಳಗೆ ಇಳಿಬಿಟ್ಟು ಸ್ವಲ್ಪ ಕಾಯಿರಿ, ತಾನಾಗೇ ಬರುತ್ತದೆ. ರಕ್ತದ ಹನಿ ತಾಗಿಸುವ ಸ್ಟ್ರಿಪ್‌ಗಳ ಡಬ್ಬಿಯ ಮುಚ್ಚಳ ತಕ್ಷಣ ಹಾಕಿ, ಗಾಳಿಯ ತೇವಕ್ಕೆ ಸ್ಟ್ರಿಪ್ ಕೆಡುತ್ತದೆ.

ತಿನ್ನುವ ಮೊದಲು ಒಂದು ಸಲ, ತಿನ್ನಲು ಶುರು ಮಾಡಿ ಒಂದು ಗಂಟೆಯಾದ ಮೇಲೆ ಒಂದು ಸಲ, ಎರಡು ಗಂಟೆಯಾದ ಮೇಲೆ ಒಂದು ಸಲ ನೋಡಿ. ಗಡಿಯಾರ ಶುರುವಾಗುವುದು ಮೊದಲ ತುತ್ತಿನಿಂದ, ಕೊನೆಯ ತುತ್ತಿನಿಂದ ಅಲ್ಲ. ಒಂದು ಗಂಟೆಯದನ್ನು ಬಿಟ್ಟುಬಿಡುವವರು ಬಹಳ, ಆದರೆ ಏರಿಳಿತ ಚೆನ್ನಾಗಿ ಕಾಣುವುದು ಆಗಲೇ.

4. ಹೋಲಿಸಿ. 148 ಮತ್ತು 155ರ ವ್ಯತ್ಯಾಸಕ್ಕೆ ಕುಣಿಯಬೇಡಿ, ಕೊರಗಲೂಬೇಡಿ. 100ರ ಮೇಲಿನ ಅಂಕಿ ಶೇ 15ರಷ್ಟು ಆಚೀಚೆ ಆಗುವುದನ್ನು ಮಿಷನ್‌ಗಳ ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಅದಕ್ಕೇ ಎರಡು ಮೂರು ಸಲ ಮಾಡಿ ನೋಡಿ.

ಇದು ಒಂದು ಊಟದ ಲೆಕ್ಕ. ದೂರದ ಲೆಕ್ಕ ಬೇರೆ. ಬೆರ್ರಿಗೆ ಕೆಂಪು, ನೀಲಿ ಬಣ್ಣ ಕೊಡುವ ಆಂಥೋಸಯನಿನ್ ಮೇಲೆ ಸಂಶೋಧಕರ ಕಣ್ಣಿದೆ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೊಜ್ಜು ಇದ್ದು ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದ 32 ಜನರಲ್ಲಿ ಕೆಲವರಿಗೆ ಆರು ವಾರ ಬ್ಲೂಬೆರ್ರಿ ಪುಡಿ ಬೆರೆಸಿದ ಸ್ಮೂದಿ ಕೊಟ್ಟರು. ಅವರ ಸ್ಪಂದನೆ ಸುಧಾರಿಸಿತು. ಆದರೆ ಇದು ಸಣ್ಣ ಗುಂಪು. 2013ರ ದೊಡ್ಡ ಅಧ್ಯಯನವೊಂದು ಸುಮಾರು 1.87 ಲಕ್ಷ ಜನರನ್ನು ವರ್ಷಗಟ್ಟಲೆ ಗಮನಿಸಿತ್ತು. ಬ್ಲೂಬೆರ್ರಿ ಹೆಚ್ಚು ತಿನ್ನುವವರಲ್ಲಿ ಟೈಪ್ 2 ಮಧುಮೇಹ ಕಡಿಮೆ, ಹಣ್ಣಿನ ಜ್ಯೂಸ್ ಹೆಚ್ಚು ಕುಡಿಯುವವರಲ್ಲಿ ಜಾಸ್ತಿ ಕಂಡಿತು. ಬೆರ್ರಿಯಿಂದಲೇ ಹಾಗಾಯಿತು ಅಂತ ಇದರಿಂದ ಸಾಬೀತಾಗಲ್ಲ, ಬೆರ್ರಿ ತಿನ್ನುವವರು ಬೇರೆ ವಿಷಯದಲ್ಲೂ ಆರೋಗ್ಯದ ಕಡೆ ಗಮನ ಕೊಡುವವರಿರಬಹುದು, ಅಲ್ವಾ?

ಬೆರ್ರಿ ಕ್ಯಾಪ್ಸೂಲ್‌ಗೆ ನಾನು ದುಡ್ಡು ಹಾಕಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಅಂಕಿ ಚೆನ್ನಾಗಿ ಬಂತು ಅಂತ ಡೋಸ್ ತಾವೇ ಇಳಿಸಬೇಡಿ. ಬರೆದಿಟ್ಟ ಹಾಳೆಯನ್ನು ಮುಂದಿನ ಸಲ ಡಾಕ್ಟರ್‌ಗೆ ತೋರಿಸಿ. ಪಕ್ಕದಲ್ಲಿ ಆ ದಿನ ಏನೇನು ತಿಂದಿರಿ ಅಂತಲೂ ಬರೆದಿರಿ.