ಪೂರಿ ಕೌದಿ: ನಾಲ್ಕನೆಯ ಸಲಕ್ಕೆ ಉಬ್ಬಿತು

ನನ್ನ ನಾಲ್ಕನೆಯ ಪೂರಿ ಕೌದಿಯನ್ನು ಹನ್ನೊಂದು ಸಲ ಒಗೆದಾಯಿತು. ಅದರ ಮುನ್ನೂರು ಪೂರಿಗಳಲ್ಲಿ, ಅಂದರೆ ಒಳಗೆ ತುಂಬಿ ಉಬ್ಬಿಸಿದ ಬಟ್ಟೆ ಚೌಕಗಳಲ್ಲಿ, ಒಂದೂ ಗಂಟು ಕಟ್ಟಿಲ್ಲ, ಒಂದು ಸಂದೂ ಬಿಟ್ಟಿಲ್ಲ. ಇನ್ನು ಬರೆಯಬಹುದು.

ಚಿಂದಿಯಿಂದ ಉಬ್ಬುಬ್ಬಾದ ಕೌದಿ ಹೊಲಿಯುತ್ತೇನೆ ಅಂದಾಗ ಅಕ್ಕಲಕೋಟೆ ಕಡೆಯ ಕೌದಿ ಕೈಗಳು ಎತ್ತಿದ ತಕರಾರು ಮೂರು. ಒಂದು, "ಅದು ಕೌದಿ ಅಲ್ಲವಾ, ಲೋಡು. ಕೌದಿ ಅಂದ್ರ ಮೈಗೆ ಹತ್ತಬೇಕು." ಎರಡು, "ಸೊಲ್ಲಾಪುರದ ಬಿಸಲಾಗ ಇದನ್ನ ಯಾರು ಹೊದೀತಾರ?" ಮೂರು, "ಒಗದ್ ನೋಡು, ಆಮ್ಯಾಲ ಮಾತಾಡು." ಮೊದಲೆರಡಕ್ಕೆ ಗಿರಾಕಿಗಳೇ ಉತ್ತರ ಕೊಟ್ಟರು. ಮೂರನೆಯದು ಮಾತ್ರ ಖರೆ. ನನ್ನ ಮೊದಲೆರಡು ಕೌದಿ ಸೋತದ್ದು ಹೊಲಿಯುವಾಗ ಅಲ್ಲ, ಒಗೆಯುವ ಕಲ್ಲಿನ ಮೇಲೆ.

ಪೂರಿ ಅಂತ ಹೆಸರಿಟ್ಟದ್ದು ನೋಡಿದ ಮಕ್ಕಳು. ಕೆಳಗೆ ಚಿಕ್ಕ ಚೌಕ, ಮೇಲೆ ದೊಡ್ಡ ಚೌಕ, ಹೆಚ್ಚಾದ ಬಟ್ಟೆಯನ್ನು ನೆರಿಗೆಯಲ್ಲಿ ಹಿಡಿದು ಒಳಗೆ ತುಂಬಿದರೆ ಒಂದು ಪೂರಿ. ನನ್ನ ಅಳತೆ: ಕೆಳಗಿನದು ನಾಲ್ಕೂವರೆ ಇಂಚು, ಮೇಲಿನದು ಐದೂವರೆ. ಕಾಲಿಂಚು ಹೊಲಿಗೆಗೆ ಹೋದರೆ ಸಿಗುವುದು ನಾಲ್ಕಿಂಚಿನ ಪೂರಿ. ಅಗಲಕ್ಕೆ 15, ಉದ್ದಕ್ಕೆ 20, ಒಟ್ಟು 300. ಲೆಕ್ಕದ ಪ್ರಕಾರ 60 ಇಂಚು ಅಗಲ, 80 ಇಂಚು ಉದ್ದ ಆಗಬೇಕು. ಆಗುವುದಿಲ್ಲ. ತುಂಬಿದ ಮೇಲೆ ಎಲ್ಲವೂ ಎಳೆದುಕೊಂಡು ಸುಮಾರು 56ಕ್ಕೆ 75 ಆಗುತ್ತದೆ. ಈ ನಾಲ್ಕೈದು ಇಂಚು ನೆನಪಿಲ್ಲದೆ ಬೆನ್ನಿನ ಬಟ್ಟೆಯನ್ನು ಮೊದಲೇ ಕತ್ತರಿಸಿದ್ದೇ ಮೂರನೆಯ ಕೌದಿಯ ಅಂಚೆಲ್ಲ ಸುಕ್ಕು ಬೀಳಲು ಕಾರಣ. ಬೆನ್ನಿಗೆ ಕತ್ತರಿ ಹಾಕುವುದು ತುಂಬಿ ಮುಗಿದ ಮೇಲೆ.

ಚಿಂದಿಗೆ ಸೊಲ್ಲಾಪುರದಲ್ಲಿ ಬರಗಾಲ ಇಲ್ಲ. ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಕಡೆಯಿಂದ ಬರುವ ಮೂಟೆಗಳಲ್ಲಿ ಶಾಲೆ ಯೂನಿಫಾರ್ಮಿನ ತುಂಡುಗಳೇ ಹೆಚ್ಚು: ನೀಲಿ, ಬೂದು, ಖಾಕಿ, ಕೆಂಪು ಚೌಕಳಿ. ಆರಿಸದ ಮೂಟೆ ಕಿಲೋಗೆ ಇಪ್ಪತ್ತೈದು ಮೂವತ್ತು, ಆರಿಸಿದ್ದು ನಲವತ್ತೈದರ ಆಸುಪಾಸು. ಆರಿಸದ್ದು ಅಗ್ಗ ಅಂತ ಹೋಗಬೇಡಿ. ಅರ್ಧಕ್ಕರ್ಧ ತೋಳಿನ ಸುತ್ತಿನ ಬಾಲಗಳು, ಐದೂವರೆ ಇಂಚು ಎಲ್ಲೂ ಕೂರುವುದಿಲ್ಲ. ಆರಿಸಿದ್ದರಲ್ಲೂ ಒಂದೂವರೆ ಕಿಲೋ ತಂದರೆ ಏಳುನೂರು ಗ್ರಾಂ ಕೌದಿಗೆ ಹತ್ತುತ್ತದೆ.

ಯೂನಿಫಾರ್ಮಿನ ಪ್ಯಾಂಟ್ ಬಟ್ಟೆ ಬಣ್ಣ ಬಿಡುವುದಿಲ್ಲ, ಕುಗ್ಗುವುದಿಲ್ಲ. ಆದರೆ ದಪ್ಪ, ನೆರಿಗೆ ಹಿಡಿದರೆ ಸ್ಪ್ರಿಂಗಿನಂತೆ ಎದ್ದು ಕೂರುತ್ತದೆ. ನಾಲ್ಕು ಪೂರಿಗೆ ಒಂದಕ್ಕಿಂತ ಹೆಚ್ಚು ಹಾಕಿದರೆ ಕೌದಿ ಭಾರ. ಅಂಗಿ ಬಟ್ಟೆ ಎಲ್ಲಕ್ಕಿಂತ ಸಲೀಸು. ಬನಿಯನ್ ಬಟ್ಟೆ, ಜಾರ್ಜೆಟ್, ನೆಟ್ ಬೇಡ. ಕೆಂಪು ಮತ್ತು ಮರೂನನ್ನು ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಿ. ಗುಲಾಬಿ ಆದರೆ ಆ ತುಂಡು ಹೊರಗೆ. ಉಪ್ಪುನೀರಿನಲ್ಲಿ ನೆನೆಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುವುದು ನನ್ನ ಕೈಯಲ್ಲಿ ಒಮ್ಮೆಯೂ ಫಲಿಸಿಲ್ಲ. ಚಿಂದಿಯನ್ನು ಬಿಡಿಬಿಡಿಯಾಗಿ ಒಗೆದರೆ ದಾರ ಬಿಚ್ಚಿ ಗುಬ್ಬಿಗೂಡು ಆಗುತ್ತದೆ. ಹಳೆಯ ದಿಂಬಿನ ಗಲೀಫಿನಲ್ಲಿ ತುಂಬಿ, ಬಾಯಿ ಕಟ್ಟಿ ಅದ್ದಿ ತೆಗೆಯಿರಿ.

ಕೆಳಗಿನ ಚೌಕಕ್ಕೆ ಮಾಂಜರಪಾಟ, ಅಂದರೆ ಸಾದಾ ಕೋರಾ ಹತ್ತಿ ಬಟ್ಟೆ. ಭಾರ ಹೊರುವುದು ಅದು, ಮೇಲಿನದೆಲ್ಲ ಶೋಕಿ. ಈ ಒಂದು ಮಾತು ತಿಳಿಯಲು ನನಗೆ ಒಂದು ಇಡೀ ಕೌದಿ ಬೇಕಾಯಿತು. ಎರಡನೆಯದಕ್ಕೆ, ಹೇಗೂ ಒಳಗೆ ಅಡಗುತ್ತದಲ್ಲ ಅಂತ ಹಳೆಯ ಧೋತರ ಹರಿದು ಹಾಕಿದ್ದೆ. ನಾಲ್ಕನೆಯ ಒಗೆತಕ್ಕೆ ಹೊಲಿಗೆ ಗಟ್ಟಿ ಇತ್ತು, ಹೊಲಿಗೆಯ ಪಕ್ಕದ ಧೋತರವೇ ಗೆರೆ ಎಳೆದಂತೆ ಹರಿದಿತ್ತು. ಮೇಲಿನ ತುಂಡು ಓರೆ ಎಳೆಯಲ್ಲಿ ಬಂದರೂ ನಡೆಯುತ್ತದೆ, ಕೆಳಗಿನದು ನೇರ ಎಳೆಯಲ್ಲೇ ಇರಬೇಕು. ಪನ್ನಾ, ಅಂದರೆ ಬಟ್ಟೆಯ ಅಗಲ, 44 ಇಂಚು ಇದ್ದರೆ ಅಡ್ಡಕ್ಕೆ 9 ಚೌಕ, ಒಟ್ಟು 4 ಮೀಟರ್ ಸಾಕು. ಗಂಜಿ ಹೋಗಲು ಮೊದಲು ಒಗೆಯಬೇಕು, ಆಗ ಗೇಣುದ್ದ ಕುಗ್ಗುತ್ತದೆ. ಅದಕ್ಕೇ ನಾನು ತರುವುದು ನಾಲ್ಕೂಕಾಲು ಮೀಟರ್. ಅಳತೆಯ ಚೌಕಕ್ಕೆ ರಟ್ಟು ಬೇಡ, ಐವತ್ತು ಸಲ ಚಾಕ್ ಎಳೆಯುವಷ್ಟರಲ್ಲಿ ಮೂಲೆ ಸವೆಯುತ್ತದೆ. ಬಡಗಿ ಬಿಸಾಕಿದ ಸನ್ಮೈಕಾ ತುಂಡು ಕತ್ತರಿಸಿಕೊಳ್ಳಿ.

ನೆರಿಗೆಗೆ ಬರೋಣ. ನಾಲ್ಕೂ ಬದಿಗೆ ಒಂದೊಂದು ಇಂಚು ಹೆಚ್ಚಿಗೆ ಇರುತ್ತದೆ, ಅರ್ಧ ಇಂಚು ಆಳದ ಒಂದೇ ಮಡಿಕೆ ಅದನ್ನು ನುಂಗುತ್ತದೆ. ಮೂಲೆಗೆ ಮೂಲೆ ಸೇರಿಸಿ, ಮಡಿಕೆಯನ್ನು ಬದಿಯ ನಡುವೆ ಹಿಡಿಯಿರಿ. ಮಡಿಕೆ ಮಲಗುವ ದಿಕ್ಕು ನಾಲ್ಕೂ ಬದಿಗೆ ಗಡಿಯಾರದ ಮುಳ್ಳು ಓಡುವ ದಿಕ್ಕೇ ಆಗಲಿ, ಎಲ್ಲಾ 300ಕ್ಕೂ. ಹಾಗೆ ಮಾಡಿದರೆ ಎರಡು ಪೂರಿ ಪಕ್ಕಪಕ್ಕ ಸೇರಿದಾಗ ಒಂದರ ಮಡಿಕೆ ಕೆಳಗೆ, ಇನ್ನೊಂದರದು ಮೇಲಕ್ಕೆ ಮಲಗುತ್ತದೆ. ಒಂದರ ಮೇಲೊಂದು ಏರುವುದಿಲ್ಲ. ಮನಸ್ಸಿಗೆ ಬಂದ ಕಡೆ ಮಡಿಚಿದರೆ ಒಂದೇ ಜಾಗದಲ್ಲಿ ಎಂಟು ಪದರ ಕೂಡಿ ಸೂಜಿ ಟಕ್ ಅನ್ನುತ್ತದೆ. ಮೊದಲೆರಡು ಕೌದಿಗೆ ಮುರಿದ ಸೂಜಿ ಎಣಿಸಿಲ್ಲ, ಡಬ್ಬಿಗಟ್ಟಲೆ ಅನ್ನಿ. ನಾಲ್ಕನೆಯದಕ್ಕೆ ಎರಡು. ಸೂಜಿ 16 ನಂಬರ್, ದಾರ ಸ್ಪನ್ ಪಾಲಿಯೆಸ್ಟರ್. ಕಚ್ಚಾ ಹೊಲಿಗೆ ಅಂಚಿನಿಂದ ಒಂದು ನೂಲು (ಇಂಚಿನ ಎಂಟನೆಯ ಒಂದು ಭಾಗ) ಒಳಗೆ, ದೊಡ್ಡ ಟಾಕಿಯಲ್ಲಿ (ಚುಚ್ಚಿನಲ್ಲಿ). ಪಕ್ಕಾ ಹೊಲಿಗೆ ಕಾಲಿಂಚಿಗೆ. ಕಚ್ಚಾ ಹೊಲಿಗೆ ಪಕ್ಕಾ ಹೊಲಿಗೆಯ ಹೊರಗೆ ಉಳಿದರೆ ಬಿಚ್ಚುವ ಕೆಲಸವೇ ಇಲ್ಲ.

ನೆರಿಗೆಯ ಬದಲು ಸುತ್ತಲೂ ಚುನ್ನಟ್, ಅಂದರೆ ದಾರ ಜಗ್ಗಿ ಸಣ್ಣ ಸುಕ್ಕು, ಎಳೆದರೆ ಚೆಂದ ಅನ್ನುವವರಿದ್ದಾರೆ. ಒಂದು ಸಾಲು ಮಾಡಿ ನೋಡಿದೆ. ಚೆಂದವೇನೋ ಹೌದು, ಆದರೆ ಒಂದಕ್ಕೆ ಐದು ನಿಮಿಷ. ನೆರಿಗೆಗೆ ಎರಡು.

ಈಗ ಇಡೀ ಗುಟ್ಟಿನ ಜಾಗ: ತುಂಬುವುದು ಯಾವಾಗ? ಎಲ್ಲರೂ ಮಾಡುವುದು ಮೂರು ಬದಿ ಹೊಲಿದು, ತುಂಬಿ, ನಾಲ್ಕನೆಯದನ್ನು ಮುಚ್ಚಿ, ಆಮೇಲೆ ಜೋಡಿಸುವುದು. ಜೂಕಿಯಂಥ ಕಾರ್ಖಾನೆ ಮಷಿನ್ ಇದ್ದವರಿಗೆ ನಡೆಯಬಹುದು. ಕಾಲಿನಿಂದ ತುಳಿಯುವ ಮನೆ ಮಷಿನ್ನಿನಲ್ಲಿ ತುಂಬಿದ ಪೂರಿ ಬಟ್ಟೆ ಒತ್ತಿ ಹಿಡಿಯುವ ಪ್ರೆಶರ್ ಫುಟ್ ಅನ್ನು ಪಕ್ಕಕ್ಕೆ ತಳ್ಳುತ್ತದೆ, ಕಾಲಿಂಚು ಹೋಗಿ ಅರ್ಧ ಆಗುತ್ತದೆ, ಇಪ್ಪತ್ತನೆಯ ಸಾಲಿಗೆ ಬರುವಾಗ ಇಡೀ ಹಾಳೆ ವಾರೆ. ಮೂರನೆಯ ಕೌದಿಯ ಒಂದು ಬದಿ ಇನ್ನೊಂದಕ್ಕಿಂತ ಮೂರು ಇಂಚು ಗಿಡ್ಡ ಇತ್ತು.

ನಾಲ್ಕನೆಯದರಲ್ಲಿ ಏನೂ ತುಂಬದೆ ನಾಲ್ಕೂ ಬದಿ ಹೊಲಿದೆ. 15ರ ಸಾಲು, ಇಪ್ಪತ್ತು ಸಾಲು, ಎಲ್ಲ ಜೋಡಿಸಿ ಒಂದೇ ಹಾಳೆ. ಮಷಿನ್ ಚಾದರದ ಮೇಲೆ ಓಡಿದಂತೆ ಓಡಿತು. ಒಳಗಿನ ಹೊಲಿಗೆ ಅಂಚನ್ನು ಒಂದು ಸಾಲಿಗೆ ಎಡಕ್ಕೆ, ಮುಂದಿನ ಸಾಲಿಗೆ ಬಲಕ್ಕೆ ಮಲಗಿಸಿದರೆ ಕೂಡುಗಳಲ್ಲಿ ಗುಬುಟು ಏಳುವುದಿಲ್ಲ. ಆಮೇಲೆ ಹಾಳೆಯನ್ನು ಬೋರಲು ಹಾಕಿ, ಪ್ರತಿ ಮಾಂಜರಪಾಟ ಚೌಕದ ನಡುವೆ ಒಂದೂಕಾಲು ಇಂಚಿನ ಸೀಳು. ಸೀಳು ಮೂಲೆಯಿಂದ ಮೂಲೆಯ ದಿಕ್ಕಿಗೆ ಓರೆಯಾಗಿರಲಿ, ಓರೆ ಸೀಳಿನ ದಾರ ಅಷ್ಟು ಬಿಚ್ಚುವುದಿಲ್ಲ. ಕತ್ತರಿ ಹಾಕುವ ಮೊದಲು ಮಾಂಜರಪಾಟವನ್ನು ಚಿವುಟಿ ಮೇಲೆತ್ತಿ. ಬೇಜಾರಾಗಿ ಇದನ್ನು ಬಿಟ್ಟ ಗಳಿಗೆಯಲ್ಲೇ ಅಡಿಗಿರುವ ಚಿಂದಿಯ ಚೌಕ ಕತ್ತರಿಸಿಹೋಗುತ್ತದೆ. ನನ್ನದರಲ್ಲಿ ಹಾಗೆ ತೇಪೆ ಬಿದ್ದ ಪೂರಿ ನಾಲ್ಕಿವೆ, ಹೂವಿನ ಬಟ್ಟೆ ಆದ್ದರಿಂದ ಕಾಣುವುದಿಲ್ಲ.

ಸೀಳು ಮುಚ್ಚಲು ಸಾಮಾನ್ಯ ಅಡ್ಡ ಟಾಕಿ ಸಾಕು, ನಾಲ್ಕೈದು ಚುಚ್ಚು. ನಾನು ಈಗ ಸೂಜಿ ಇಲ್ಲದೆ ಮುಚ್ಚುತ್ತೇನೆ. ಹೇಗೆ ಅನ್ನುವುದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಅದು ನನಗೆ ಕೌದಿಗೆ ಎರಡು ತಾಸು ಉಳಿಸುತ್ತಿದೆ.

ಏನು ತುಂಬಬೇಕು? ಮೊದಲ ಕೌದಿಗೆ ಅರಳೆ. ಒಗೆಯುವ ತನಕ ಅದರಂಥ ಕೌದಿ ಇಲ್ಲ. ನೀರು ಕುಡಿದ ಮೇಲೆ ಇಬ್ಬರು ಹಿಡಿದು ಎತ್ತಬೇಕಾಯಿತು, ಒಣಗಲು ಮೂರು ದಿನ, ಒಣಗಿದ ಮೇಲೆ ಪ್ರತಿ ಪೂರಿಯ ಮೂಲೆಯಲ್ಲಿ ಒಂದೊಂದು ನಿಂಬೆಕಾಯಿ. ಗಾದಿಯ ಅರಳೆಯನ್ನು ಬಿಚ್ಚಿ ಹಿಂಜಿಸಬಹುದು, ಮುನ್ನೂರು ಜೇಬಿನದನ್ನು ಯಾರು ಹಿಂಜುತ್ತಾರೆ? ಎರಡನೆಯದರಿಂದ ದಿಂಬಿಗೆ ಹಾಕುವ ಪಾಲಿಯೆಸ್ಟರ್ ಫೈಬರ್, ಕಿಲೋಗೆ ನೂರೈವತ್ತು ನೂರಅರವತ್ತು. ಅಂಗೈಯಲ್ಲಿ ಅದುಮಿ ಬಿಟ್ಟರೆ ತಟ್ಟನೆ ಏಳುವ, ಮುಟ್ಟಿದರೆ ಜಾರುವ ಫೈಬರ್ ಬೇಕು. ಅಗ್ಗದ್ದು ಒರಟು, ಎರಡು ಒಗೆತಕ್ಕೆ ಚಪ್ಪಟೆ. ಮೂಟೆಯಿಂದ ತೆಗೆದದ್ದನ್ನು ಹಾಗೇ ತುರುಕಬಾರದು, ಹಿಂಜಿ ಹಿಂಜಿ ಮೂರು ಪಟ್ಟು ಅರಳಿಸಬೇಕು.

ಆದರೂ ಎರಡನೆಯದು ತಗ್ಗುದಿಣ್ಣೆ ಆಯಿತು. ಕಣ್ಣಂದಾಜಿನಲ್ಲಿ ತುಂಬಿದ್ದೆ. ಬೆಳಿಗ್ಗೆ ತುಂಬಿದವು ಏಳು ಗ್ರಾಂ, ಸಂಜೆ ಕೈ ಸೋತಾಗ ತುಂಬಿದವು ಮೂರು. ಏಳು ತುಂಬಿದರೆ ಪೂರಿ ಹೋಗಿ ಚೆಂಡು; ಪಕ್ಕದ ಹೊಲಿಗೆ ಎಳೆದು ಸೂಜಿ ತೂತು ಕಾಣುತ್ತದೆ, ಕೌದಿ ಮಡಿಚಲು ಬರುವುದಿಲ್ಲ. ಮೂರು ತುಂಬಿದರೆ ಮೂರನೆಯ ಒಗೆತಕ್ಕೆ ಹಪ್ಪಳ. ಐದು ಗ್ರಾಂ ಸರಿ, ಸುತ್ತಲಿನ ಅಂಚಿನ ಪೂರಿಗಳಿಗೆ ನಾಲ್ಕು. ಐದು ಗ್ರಾಂ ಮುನ್ನೂರು ಸಲ ತೂಗುವ ಹುಚ್ಚು ಬೇಡ. ನೂರು ಗ್ರಾಂ ತೂಗಿ, ಅರ್ಧಕ್ಕೆ ಅರ್ಧ ಮಾಡಿ, ಪ್ರತಿ ಕಾಲುಭಾಗವನ್ನು ಐದು ಉಂಡೆ ಮಾಡಿ: ಇಪ್ಪತ್ತು ಉಂಡೆ, ಒಂದು ಉದ್ದ ಸಾಲಿಗೆ ಲೆಕ್ಕ ಸರಿ. ಮೊದಲು ನಾಲ್ಕು ಮೂಲೆಗೆ ಪೆನ್ಸಿಲ್ಲಿನ ಹಿಂಬದಿಯಿಂದ ತಳ್ಳಿ, ಉಳಿದದ್ದು ನಡುವೆ. ನಡುಸಾಲಿನಿಂದ ಶುರುಮಾಡಿ ಹೊರಗೆ ಬನ್ನಿ. ಒಂದು ಅಂಚಿನಿಂದ ಹೊರಟರೆ ತುಂಬಿದ ಕಡೆ ಎಳೆದುಕೊಂಡು ಹಾಳೆ ಬೀಸಣಿಗೆ ಆಗುತ್ತದೆ.

ಬೆನ್ನಿಗೆ ಹಳೆಯ ಕಾಟನ್ ಸೀರೆ ಚೆನ್ನ, ಎರಡು ಮೀಟರಿನ ಎರಡು ತುಂಡು ಜೋಡಿಸಿದರೆ ಆಯಿತು, ಸೆರಗು ಪೂರಿಗೆ ಉಳಿಯುತ್ತದೆ. ಸೆಕೆಂಡ್ಸಿನಲ್ಲಿ (ಚಿಕ್ಕ ದೋಷದ ಮಾಲಿನಲ್ಲಿ) ಸಿಕ್ಕ ಸೊಲ್ಲಾಪುರಿ ಚಾದರ ಹಾಕಿ ನೋಡಿದೆ: ನೋಟ ಭರ್ಜರಿ, ಆದರೆ ಹೊದ್ದರೆ ಮಗ್ಗುಲು ಬದಲಿಸಲು ಬಲ ಬೇಕು. ಹಾಸಲು ಮಾತ್ರ ಲಾಯಕ್ಕು.

ಮಾಮೂಲಿ ಕೌದಿಯ ಹಾಗೆ ಉದ್ದಕ್ಕೂ ಟಾಕಿ ಹಾಕಲು ಇಲ್ಲಿ ಜಾಗ ಇಲ್ಲ. ಬೆನ್ನನ್ನು ಹಿಡಿದಿಡಲು ನಾಲ್ಕು ಪೂರಿ ಸೇರುವ ಕೂಡುಗಳಲ್ಲಿ ಗಂಟು. ಒಟ್ಟು 266 ಕೂಡು, ಎರಡೂ ದಿಕ್ಕಿಗೆ ಒಂದು ಬಿಟ್ಟು ಒಂದರಂತೆ ಎಪ್ಪತ್ತರ ಹತ್ತಿರ ಗಂಟು. ಉಲನ್ ದಾರದ ಗಂಟು ವಾಷಿಂಗ್ ಮಷಿನ್ನಿನಲ್ಲಿ ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ. ದಪ್ಪ ಹತ್ತಿ ದಾರವನ್ನು ಎರಡೆಳೆ ಮಾಡಿ ಹಾಕಿ, ಬಾಲ ಮುಕ್ಕಾಲು ಇಂಚು ಬಿಡಿ. ಅಂಚಿಗೆ ಎರಡೂವರೆ ಇಂಚಿನ ಪಟ್ಟಿ.

ದುಡ್ಡಿನ ಲೆಕ್ಕ, ನೆನಪಿನಿಂದ: ಚಿಂದಿ 70, ಮಾಂಜರಪಾಟ 190, ಫೈಬರ್ 240, ಬೆನ್ನಿಗೆ ಹೊಸ ಬಟ್ಟೆಯಾದರೆ 240, ದಾರ-ಪಟ್ಟಿ 50. ಎಂಟುನೂರಕ್ಕೆ ಸ್ವಲ್ಪ ಕಡಿಮೆ. ಸೀಳನ್ನು ಸೂಜಿಯಿಂದಲೇ ಮುಚ್ಚುವವರಿಗೆ ಇಪ್ಪತ್ತೈದು ತಾಸಿನ ಕೆಲಸ. ಮಾರಿದ್ದು 2,600ಕ್ಕೆ, ಮೊದಲು 1,400 ಹೇಳಿ ಕೈ ಸುಟ್ಟುಕೊಂಡಿದ್ದೆ. ಕೆಟ್ಟ ಮೂರಕ್ಕೆ ಹೋದದ್ದು ಎರಡು ಸಾವಿರದ ಮುನ್ನೂರು. ನಿಜವಾದ ಲಾಭ ಚಿಕ್ಕದರಲ್ಲಿದೆ: 9ಕ್ಕೆ 9, ಅಂದರೆ 81 ಪೂರಿಯ ಮಗುವಿನ ಹಾಸು. ಖರ್ಚು ಇನ್ನೂರಿಪ್ಪತ್ತು, ಆರೂವರೆ ತಾಸು, ಒಂಬೈನೂರಕ್ಕೆ ಹೋಗುತ್ತದೆ. ತಾಸಿನ ಗಳಿಕೆ ದೊಡ್ಡದಕ್ಕೆ ಎಪ್ಪತ್ತು ಚಿಲ್ಲರೆಯಾದರೆ ಇದಕ್ಕೆ ನೂರು ದಾಟುತ್ತದೆ. ಸೆಖೆಯ ತಕರಾರೂ ಇದಕ್ಕಿಲ್ಲ, ಪೂರ್ತಿ ಕಾಟನ್ ತುಂಡಿನಲ್ಲೇ ಮಾಡಿ. ಒಂದು ಮಾತು ಗಿರಾಕಿಗೆ ಹೇಳಲೇಬೇಕು: ಇದು ಎಚ್ಚರವಿದ್ದಾಗ ಆಡಲು. ವರ್ಷ ತುಂಬದ ಕೂಸು ಮಲಗಿದಾಗ ಇಂಥ ಮೆತ್ತನೆಯದನ್ನು ಹೊದಿಸಬಾರದು, ಅಡಿಗೂ ಹಾಸಬಾರದು, ಉಸಿರು ಕಟ್ಟುವ ಭಯ.

ನಡುನಡುವೆ ಬೇರೆ ಆಟಗಳೂ ಆದವು. ಬೂರುಗದ ಹತ್ತಿ ತುಂಬಿ ನೋಡಿದೆ, ಹಗುರ, ಮೃದು. ಆದರೆ ತುಂಬುವಾಗ ಮೂಗಿಗೆ ಬಟ್ಟೆ ಕಟ್ಟದೆ ಆಗದು, ಆರು ತಿಂಗಳಿಗೆ ಒಳಗೇ ಪುಡಿಯಾಗಿ ಕೂತಿತು. ಟವೆಲ್ ಕಾರ್ಖಾನೆಯ ಟೆರಿ ಚಿಂದಿಯ ಪೂರಿ ಬಚ್ಚಲ ಮುಂದಿನ ಕಾಲೊರೆಸಿಗೆ ಚೆನ್ನ. ಗುಳೇದಗುಡ್ಡದ ಖಣದ ತುಂಡು ಹಾಕಿದರೆ ಕೌದಿಗೆ ಹಬ್ಬದ ಕಳೆ, ಆದರೆ ಅಂಚು ಬಿಚ್ಚುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಓವರ್‌ಲಾಕ್ ಮಾಡಿಸಿ, ಹೊಲಿಗೆಗೆ ಅರ್ಧ ಇಂಚು ಬಿಟ್ಟರೆ ಮಾತ್ರ ನಿಲ್ಲುತ್ತದೆ. ಫೈಬರ್ ಉಳಿಸಲು ಚಿಂದಿಯನ್ನೇ ಸಣ್ಣಗೆ ಕೊಚ್ಚಿ ತುಂಬಿದ್ದೂ ಆಯಿತು. ಅದು ಕೌದಿ ಅಲ್ಲ, ಮರಳುಚೀಲ.

ಒಗೆಯಲು ತಣ್ಣೀರು, ಕಡಿಮೆ ಸೋಪು, ಹಿಂಡುವುದು ಬೇಡ, ಒತ್ತಿ ನೀರು ತೆಗೆಯಿರಿ. ಹಗ್ಗಕ್ಕೆ ಇಳಿಬಿಟ್ಟರೆ ಒದ್ದೆ ಭಾರಕ್ಕೆ ಮೇಲಿನ ಸಾಲಿನ ಹೊಲಿಗೆ ಎಳೆಯುತ್ತದೆ. ಹೊರಸಿನ ಮೇಲೆ ಹರಡಿ, ಎರಡು ತಾಸಿಗೊಮ್ಮೆ ಮಗುಚಿ, ಒಂದೊಂದು ಪೂರಿಯನ್ನೂ ಚಿವುಟಿ ಅರಳಿಸಿ. ಒಣಗಿತೋ ಅಂತ ಮುಟ್ಟಿ ನೋಡಿದರೆ ಮೋಸ, ಮೇಲೆ ಬೆಚ್ಚಗಿದ್ದರೂ ಒಳಗೆ ಹಸಿ ಇರುತ್ತದೆ. ಹೊಸತಿದ್ದಾಗಲೇ ಕೊಕ್ಕೆ ತಕ್ಕಡಿಗೆ ಹಾಕಿ ತೂಕ ಬರೆದಿಡಿ. ನನ್ನದು ಮೂರು ಕಿಲೋಗೆ ಚೂರು ಮೇಲೆ. ಅಷ್ಟಕ್ಕೇ ಮರಳಿದರೆ ಒಣಗಿದೆ. ನೂರೈವತ್ತು ಗ್ರಾಂ ಹೆಚ್ಚು ತೋರಿಸಿದರೆ ಇನ್ನೊಂದು ಮಧ್ಯಾಹ್ನದ ಬಿಸಿಲು ಬೇಕು.